ಒಂದೂ ಸಾವಿಲ್ಲದ ಐಸಿಯು

ಡಾಕ್ಟರ್ ತಿಪ್ಪೇಸ್ವಾಮಿಯವರ ಐಸಿಯುನಲ್ಲಿ ವರ್ಷವಿಡೀ ಒಬ್ಬರೂ ಸತ್ತಿರಲಿಲ್ಲ. ಅದಕ್ಕೇ ಅವರಿಗೆ ಪ್ರಶಸ್ತಿ ಬಂದಿತ್ತು. ಗುಟ್ಟು ಸರಳ. ರೋಗಿ ಉಳಿಯುವುದು ಅನುಮಾನ ಎನಿಸಿದ ಕೂಡಲೇ ಮನೆಯವರನ್ನು ಕರೆದು, "ಕೊನೆಯುಸಿರು ಮನೇಲೇ ಹೋಗ್ಲಿ, ಮಕ್ಕಳ ಕೈಯಿಂದ ಬಾಯಿಗೆ ನೀರು ಬೀಳ್ಲಿ" ಎನ್ನುತ್ತಿದ್ದರು. ಬಡಪಾಯಿಗಳು ಅವರ ಕಾಲಿಗೆ ಬಿದ್ದು, ರೋಗಿಯನ್ನು ಕರೆದೊಯ್ಯುತ್ತಿದ್ದರು. ಸಾವು ಮನೆಯ ಲೆಕ್ಕಕ್ಕೆ ಹೋಗುತ್ತಿತ್ತು.

ಸನ್ಮಾನದ ಶಾಲು ಹೆಗಲ ಮೇಲಿರುವಾಗಲೇ ಡಾಕ್ಟರು ಕುಸಿದುಬಿದ್ದರು. ಎಚ್ಚರವಾದಾಗ ತಮ್ಮದೇ ಐಸಿಯುನಲ್ಲಿದ್ದರು, ಗಂಟಲೊಳಗೆ ಟ್ಯೂಬು. ಮಾತು ಬಾರದು, ಕೈ ಏಳದು, ಕಿವಿ ಮಾತ್ರ ಚುರುಕಾಗಿತ್ತು. ಓರೆಗಣ್ಣಲ್ಲಿ ಮಾನಿಟರ್ ನೋಡಿದರು. ಉಸಿರಾಟದ ಯಂತ್ರ ತೆಗೆಯದಿದ್ದರೆ ತಾವು ಬದುಕುವುದು ಖಾತ್ರಿ ಎಂದು ಅವರಿಗೆ ಗೊತ್ತಾಯಿತು.

ಕಾಲ ಬಳಿ ನಿಂತಿದ್ದ ಕಿರಿಯ ಡಾಕ್ಟರು ತಿಪ್ಪೇಸ್ವಾಮಿಯವರ ಹೆಂಡತಿಗೆ ಹೇಳುತ್ತಿದ್ದರು: "ಅಮ್ಮಾ, ಉಳಿಯೋದು ಅನುಮಾನ. ಬೇರೆಯವರಾಗಿದ್ರೆ ಮನೆಗೆ ಕಳಿಸ್ತಿದ್ವಿ. ಆದ್ರೆ ನಮ್ಮ ಸಾರ್ ಅಲ್ವಾ, ಇನ್ನೊಂದೆರಡು ದಿನ ನೋಡೋಣ."

ತಿಪ್ಪೇಸ್ವಾಮಿಯವರಿಗೆ ಹೋದ ಜೀವ ಬಂದಂತಾಯಿತು.

ಹೆಂಡತಿ ಕಣ್ಣೊರೆಸಿಕೊಂಡು ಗಂಡನ ಹಣೆ ಸವರಿದರು. "ಬೇಡಪ್ಪಾ, ಮನೆಗೇ ಕಳಿಸ್ಕೊಡಿ. ಒಂದೂ ಸಾವಾಗದಂಗೆ ಕಾಪಾಡ್ಕೊಂಡು ಬಂದ ಜಾಗ ಇದು. ಮೊದಲನೇದು ಅವರದೇ ಆಗ್ಬಾರ್ದು."