ಚಾಪೆಯಗಲದ ಬಿಸಿಲು

ಊರೆಲ್ಲ ನೆಲದಡಿಗೆ ಇಳಿದ ಮೇಲೆ ಬಿಸಿಲೂ ಸರದಿಯ ಮೇಲೇ ಸಿಗುತ್ತಿತ್ತು. ವಾರಕ್ಕೊಮ್ಮೆ, ಮನುಷ್ಯನಿಗೊಂದು ಚಾಪೆಯಗಲ. ಚಂಪಕಮ್ಮ ಒಂದು ಸರದಿಯನ್ನೂ ತಪ್ಪಿಸಿದವಳಲ್ಲ. ಆದರೂ ಮಂಡಿ ಹಿಡಿದುಕೊಳ್ಳುತ್ತಿತ್ತು, ಸೊಂಟ ನೋಯುತ್ತಿತ್ತು.

“ಬಿಸಿಲು ಸಾಲದೆ ಮೂಳೆ ಮೆತ್ತಗಾಗಿದೆ ಅಜ್ಜಿ,” ಎಂದರು ಡಾಕ್ಟರಮ್ಮ. “ಸರದಿ ಬಂದಾಗ ಎಲ್ಲಿ ಕೂರ್ತೀರಿ?”

“ನೆರಳಲ್ಲಿ. ಬಿಸಿಲಲ್ಲಿ ಹಪ್ಪಳ ಇರತ್ತಲ್ಲಮ್ಮ.”

“ಬಿಸಿಲು ಕೊಟ್ಟಿರೋದು ನಿಮಗೆ.”

ಚಂಪಕಮ್ಮನಿಗೆ ತಲೆಬುಡ ತಿಳಿಯಲಿಲ್ಲ. ಒಣಗಬೇಕಾದ್ದು ಹಪ್ಪಳ, ತಾನೇಕೆ ಒಣಗಬೇಕು? ಹಾಗಾದರೆ ಇಷ್ಟು ವರ್ಷ ಮೊಮ್ಮಕ್ಕಳು ಕುರುಕುರು ತಿಂದದ್ದು ತನ್ನ ಮೂಳೆಯನ್ನೇ?

ಮುಂದಿನ ಸರದಿಗೆ ಸೀರೆಯನ್ನು ಮಂಡಿಯವರೆಗೆ ಸರಿಸಿ, ಚಾಪೆಯ ಮೇಲೆ ಕಾಲು ಚಾಚಿ ಕೂತಳು. ಹಾಯೆನಿಸಿತು. ಆದರೆ ಅಷ್ಟು ಬಿಸಿಲು ದಂಡವಾಗುವುದನ್ನು ನೋಡಲಾಗದೆ, ಎರಡೂ ಕಾಲಿನ ಮೇಲೆ ಸಾಲಾಗಿ ಹಪ್ಪಳ ಹರಡಿಕೊಂಡಳು.