ಪಕ್ಕದ ಬೋಗಿಯ ಹೀರೇಹೂ

ಆ ದಿನ ಬೆಳಿಗ್ಗೆ ಎಂಥ ಮಂಜೆಂದರೆ, ಮೈಸೂರು ಬಿಟ್ಟ ರೈಲು ನೆಲದ ಮೇಲೆ ಓಡುತ್ತಿದೆಯೋ ಮೋಡದೊಳಗೆ ತೇಲುತ್ತಿದೆಯೋ ತಿಳಿಯುತ್ತಿರಲಿಲ್ಲ...

ಕಬ್ಬಿನ ಗದ್ದೆಯಿಲ್ಲ, ಕಾಲುವೆಯಿಲ್ಲ. ಬರೀ ಬಿಳುಪು. ನಡುವೆ ಎಲ್ಲೋ ಒಂದು ತೆಂಗಿನ ತಲೆ ಕಾಣಿಸಿ, ಕನಸಿನಂತೆ ಮಾಯವಾಗುತ್ತಿತ್ತು.

ಲೇಡೀಸ್ ಬೋಗಿಯ ಕಿಟಕಿ ಪಕ್ಕ ಸುಗುಣಾ ಕೂತಿದ್ದಳು. ಹನ್ನೆರಡು ವರ್ಷದಿಂದ ದಿನವೂ ಬೆಂಗಳೂರಿಗೆ ಹೋಗಿಬರುವ ನೌಕರಿ. ಮಡಿಲಲ್ಲಿ ಉಲನ್ ಚೀಲ.

ಆ ಬೋಗಿಯಲ್ಲಿ ಹೆಣಿಗೆಯನ್ನು ಯಾರೂ ಇಂಚಿನಲ್ಲಿ ಅಳೆಯುತ್ತಿರಲಿಲ್ಲ... ಸ್ಟೇಷನ್ನಿನಲ್ಲಿ ಅಳೆಯುತ್ತಿದ್ದರು!

“ನಿನ್ ಮಫ್ಲರ್ ಎಲ್ಲೀಗ್ ಬಂತೇ?”

“ಇನ್ನೂ ಮದ್ದೂರು ಕಣೇ. ನಿಂದು?”

“ಕೆಂಗೇರಿ! ನಾಳೆ ಇಳಿಯೋದೇ.”

ಸುಗುಣಾಳ ಚೀಲದಲ್ಲಿ ಮೂರು ಕೆಲಸ. ಅತ್ತೆಗೆ ಸ್ವೆಟರ್, ದೇವರಮನೆ ಬಾಗಿಲಿಗೆ ತೋರಣ, ಅಕ್ಕನ ಮೊಮ್ಮಗುವಿಗೆ ಕುಲಾವಿ.

ಮೂರು ತಿಂಗಳಿಂದ ಒಂದೂ ಮುಂದೆ ಹೋಗಿಲ್ಲ. ಹೆಣೆದಷ್ಟೂ ತಪ್ಪು... ತಪ್ಪಿದಷ್ಟೂ ಬಿಚ್ಚುವುದು.

ಕಾರಣ ಅವಳಿಗೆ ಗೊತ್ತಿತ್ತು. ಎದುರಿನ ಸೀಟು.

ಅದು ಇಂದ್ರಾಣಿಯ ಜಾಗ. ಹನ್ನೆರಡು ವರ್ಷದ ಗೆಳತಿ. ಒಮ್ಮೆ ಕ್ರಾಸಿಂಗಿಗೆಂದು ರೈಲು ಒಂದೂವರೆ ಗಂಟೆ ನಿಂತಾಗ, ಹಳಿ ಪಕ್ಕದ ಬೇಲಿಯ ಹೀರೇಹೂವನ್ನೇ ನೋಡುತ್ತಾ, ಕ್ರೋಶಾ ಕಡ್ಡಿಯಲ್ಲಿ ಐದೆಸಳಿನ ಹಳದಿ ಹೂ ಹುಟ್ಟಿಸಿದವಳು. ಅದನ್ನು ಸುಗುಣಾಳಿಗೂ ಕಲಿಸಿದವಳು.

ಆ ಹೂಗಳನ್ನು ಜೋಡಿಸಿ ಸುಗುಣಾ ಮಾಡಿದ ಶಾಲಿಗೆ ಮಹಿಳಾ ಸಮಾಜದ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಬಂತು.

“ಈ ಹೂ ಯಾರು ಹೇಳ್ಕೊಟ್ರು?” ಎಂದು ಮೈಕಿನಲ್ಲಿ ಕೇಳಿದಾಗ, ಚಪ್ಪಾಳೆಯ ಅಮಲಿನಲ್ಲಿ ಅವಳ ಬಾಯಿಂದ ಬಂದದ್ದು... “ಯಾರೂ ಇಲ್ಲ. ನಾನೇ.”

ಮೂರನೇ ಸಾಲಿನಲ್ಲಿ ಇಂದ್ರಾಣಿ ಕೂತಿದ್ದಳು.

ಮರುದಿನದಿಂದ ಅವಳು ಪಕ್ಕದ ಬೋಗಿ ಹತ್ತತೊಡಗಿದಳು. ಜಗಳವಿಲ್ಲ, ಮಾತಿಲ್ಲ. ಹೋಗಿ ಕ್ಷಮೆ ಕೇಳಲು ಸುಗುಣಾಗೆ ಮುಖವಿರಲಿಲ್ಲ. ಇನ್ನು ಮುಗಿಯಿತು ಈ ಸ್ನೇಹ, ಎಂದುಕೊಂಡಿದ್ದಳು.

ಶ್ರೀರಂಗಪಟ್ಟಣದಲ್ಲಿ ಒಬ್ಬ ಅಜ್ಜಿ ಹತ್ತಿದರು. ಬಗಲಲ್ಲಿ ಮೀನಿನ ಬಲೆಯ ಗಂಟು. ಸೇತುವೆ ಬಂದಾಗ ಮಂಜಿನೊಳಗಿದ್ದ ಕಾವೇರಮ್ಮನಿಗೆ ಕೈಮುಗಿದು, ಆ ಖಾಲಿ ಸೀಟಿನಲ್ಲೇ ಕೂತರು.

ಅಷ್ಟರಲ್ಲಿ ಸುಗುಣಾಳ ಕಣ್ಣಿಗೆ ಬಿತ್ತು. ಸ್ವೆಟರಿನಲ್ಲಿ, ನಿನ್ನೆ ಚನ್ನಪಟ್ಟಣದ ಹತ್ತಿರ ಹೆಣೆದ ಸಾಲಿನಲ್ಲಿ, ಒಂದು ಕುಣಿಕೆ ಜಾರಿತ್ತು. ಅದರ ಮೇಲೆ ಹದಿನೈದು ಸಾಲು ಬೆಳೆದಾಗಿತ್ತು!

ಬೇಸರದಿಂದ ಅಷ್ಟನ್ನೂ ಬಿಚ್ಚಲು ಕಡ್ಡಿ ಎಳೆಯಹೋದಳು.

“ಯಾಕವ್ವ, ಅಷ್ಟ್ ಚೆಂದಾಗಿರೋದ ಬಿಚ್ಚಾಕ್ತೀಯೆ?”

“ಒಂದು ಕುಣಿಕೆ ಜಾರಿದೆ ಅಜ್ಜಿ.”

“ಒಂದಕ್ಕೆ ಅಷ್ಟೂವಾ? ನಿಮ್ ಹೆಣಿಗೆ ನಂಗ್ ಬರಾಕಿಲ್ಲ ಕಣವ್ವ. ನಾವು ಬಲೆಯೋರು. ಮೀನು ಬಲೇದ್ ಒಂದ್ ಕಣ್ಣ ಹರುದ್ರೆ, ಆ ಕಣ್ಣ ತಾವ್ಕೇ ಹೋಯ್ತೀವಿ. ಪೂರಾ ಬಲೆ ಬಿಚ್ಕೊಂಡ್ ಕುಂತ್ರೆ ಮೀನೇ ನಗಾಡ್ತವೆ!”

ಸುಗುಣಾಗೂ ನಗು ಬಂತು.

“ಎಲ್ ಜಾರ್ತೋ ಅಲ್ಲೀಗಂಟ ಹೋಗು. ಅಷ್ಟೇಯ.”

ಅವಳು ಕ್ರೋಶಾ ಕಡ್ಡಿಯ ತುದಿಯಲ್ಲಿ ಆ ಪುಟ್ಟ ಕುಣಿಕೆಯನ್ನು ಹಿಡಿದಳು. ಏಣಿ ಹತ್ತಿಸುವಂತೆ ಒಂದೊಂದೇ ಸಾಲು ಮೇಲಕ್ಕೆ ತಂದಳು... ಹದಿನೈದು ಸಾಲೂ ಉಳಿದವು.

ಪಾಂಡವಪುರದಲ್ಲಿ ಹತ್ತಿದ ಕಾಲೇಜು ಹುಡುಗಿ, ಹಳದಿ ಉಲನ್ನು, ಕಡ್ಡಿ ಹಿಡಿದು ಓಡಿ ಬಂದಳು.

“ಆಂಟಿ, ಪ್ರೈಜ್ ಬಂತಲ್ಲ, ನಿಮ್ಮ ‘ಸುಗುಣಾ ಹೂ’, ನಂಗೂ ಹೇಳ್ಕೊಡಿ! ಗೊತ್ತಾ, ನಿನ್ನೆ ಪಕ್ಕದ ಬೋಗೀಲಿ ಒಬ್ರು ಆಂಟಿ ಅದನ್ನೇ ಹಾಕ್ತಿದ್ರು. ‘ಏನಾಂಟಿ, ಸುಗುಣಾ ಆಂಟೀದು ಕಾಪಿ ಹೊಡೀತೀರಾ’ ಅಂತ ರೇಗಿಸಿದ್ವಿ.”

“ಏನಂದ್ರು?”

“ಏನಿಲ್ಲ. ನಕ್ಕರು... ಆಮೇಲೆ ಹೂನೆಲ್ಲ ಬಿಚ್ಬಿಟ್ರು.”

ಸುಗುಣಾಳ ಕೈ ನಿಂತಿತು. ಕಣ್ಣು ತುಂಬಿತು.

ಮಂಡ್ಯದಲ್ಲಿ ರೈಲು ನಿಂತಿದ್ದೇ, ಚೀಲ ಎತ್ತಿಕೊಂಡು ಇಳಿದಳು. “ಬಾ ನನ್ ಜೊತೆ” ಎಂದು ಹುಡುಗಿಯನ್ನೂ ಕರೆದುಕೊಂಡು ಪಕ್ಕದ ಬೋಗಿ ಹತ್ತಿದಳು.

ಇಂದ್ರಾಣಿ ತಲೆಯೆತ್ತಿದಳು.

“ಯಾರಪ್ಪ ಇದು, ಪ್ರೈಜ್ ಮೇಡಮ್ಮು! ಬೋಗಿ ತಪ್ಪಿತಾ?”

“ಇವತ್ತಲ್ಲ ಕಣೇ. ಮೂರು ತಿಂಗಳ ಹಿಂದೆ ತಪ್ಪಿದ್ದೆ.”

ಆಮೇಲೆ ಸುಗುಣಾ ಎಲ್ಲರಿಗೂ ಕೇಳುವಂತೆ ಹೇಳಿದಳು. “ಈ ಹೀರೇಹೂ ನಂದಲ್ಲ. ಇವಳದು. ಇವಳೇ ನಂಗೆ ಕಲಿಸಿದ್ದು. ಅವತ್ತು ಮೈಕಿನಲ್ಲಿ ನಾನು ಸುಳ್ಳು ಹೇಳಿದೆ.”

ಹುಡುಗಿ ಬಾಯಿಗೆ ಕೈ ಹಚ್ಚಿದಳು. “ಅಯ್ಯೋ... ನಾವು ಇವರನ್ನೇ ಕಾಪಿ ಅಂದ್ವಲ್ಲ!”

ಇಂದ್ರಾಣಿ ಕಿಟಕಿಯಾಚೆ ಮುಖ ತಿರುಗಿಸಿದಳು. ಹೊರಗೆ ಗದ್ದೆಗಳು ಒಂದೊಂದಾಗಿ ಹಸಿರಾಗಿ ಎದ್ದು ಬರುತ್ತಿದ್ದವು. ಅವಳ ಕೆನ್ನೆ ಒದ್ದೆಯಾಗಿತ್ತು.

ಕೆನ್ನೆ ಒರೆಸಿಕೊಂಡು, ಪಕ್ಕದಲ್ಲಿಟ್ಟಿದ್ದ ಟಿಫಿನ್ ಬ್ಯಾಗನ್ನು ಎತ್ತಿ ಮಡಿಲಿಗೆ ಹಾಕಿಕೊಂಡು ಜಾಗ ಮಾಡಿದಳು.

“ಕೂತ್ಕೋ. ನಿಂತು ನಿಂತು ಕಾಲು ನೋವು ಅಂತ ಆಮೇಲೆ ನನ್ನೇ ಗೋಳು ಹುಯ್ಕೋತೀಯ.”

ಸುಗುಣಾ ಕೂತಳು.

“ಹಾಗಾದ್ರೆ... ಸುಗುಣಾ ಹೂ?” ಹುಡುಗಿ ತಡವರಿಸಿದಳು.

“ಇಂದ್ರಾಣಿ ಹೂ” ಎಂದಳು ಸುಗುಣಾ.

ಹುಡುಗಿಯ ಕೈಲಿದ್ದ ಹಳದಿ ಉಲನ್ನನ್ನೂ ಕಡ್ಡಿಯನ್ನೂ ತೆಗೆದು, ಮೆಲ್ಲಗೆ ಗೆಳತಿಯ ಕೈಗಿಟ್ಟಳು.

*

ಜಾರಿದ್ದು ಒಂದೇ ಕುಣಿಕೆಯಾದರೆ ಇಡೀ ಬಾಳನ್ನು ಬಿಚ್ಚಬೇಕಿಲ್ಲ... ಅದು ಜಾರಿದ ಜಾಗದ ತನಕ ಹೋಗುವ ಮನಸ್ಸು ಸಾಕು.

ನಿಮ್ಮ ಹೆಸರಿನಲ್ಲಿ ಅರಳಿರುವ ಯಾವುದಾದರೂ ಹೂ, ಪಕ್ಕದ ಬೋಗಿಯಲ್ಲಿ ಕೂತವರದ್ದಿರಬಹುದೇ?