ಬೆಂಗಳೂರಿನ ಗ್ರಹಣ

ಬಿಸಿಬೇಳೆಬಾತಿನ ಮುಚ್ಚಳ ತೆಗೆಯಲು ಸಂಹಿತಾ ಕೈ ಚಾಚಿದಾಗ, ಅತ್ತೆ ಉಷಾ ಅದರ ಮೇಲಿಟ್ಟಿದ್ದ ದರ್ಭೆಯನ್ನು ಅಂಗೈಯಿಂದ ಒತ್ತಿ ಹಿಡಿದರು. “ಸೂರ್ಯಗ್ರಹಣ ಕಣಮ್ಮ. ಬಸುರಿ ಈಗ ತಿನ್ನಬಾರದು. ಬೆಂಗಳೂರಿಂದ ಫೋನ್ ಬಂತು, ಈಗ್ತಾನೇ ಹಿಡೀತಂತೆ.”

ಸಂಹಿತಾಳಿಗೆ ತುಂಬ ಹಸಿವಾಗಿತ್ತು. ಅವಳು, ಅತ್ತೆ ಬೆಳಿಗ್ಗೆಯೇ ಮುಚ್ಚಿದ್ದ ಕಿಟಕಿಯ ಬ್ಲೈಂಡ್ಸ್ ಮೇಲಕ್ಕೆಳೆದಳು. ಅಮೆರಿಕದ ಈ ಮೀರಾ ಮೆಸಾದಲ್ಲಿ ಆಗಲೇ ಸಂಜೆ ಕಳೆದು ಕತ್ತಲಾಗಿತ್ತು. ಎದುರುಮನೆಯ ಕ್ರಿಸ್‌ಮಸ್ ದೀಪಗಳು ಮಿನುಗುತ್ತಿದ್ದವು.

“ಸೂರ್ಯ ಎಲ್ಲಿ, ಅತ್ತೆ?”

ಉಷಾ ಕಿಟಕಿಯಾಚೆ ನೋಡಿದರು. “ನಿನ್ನ ಗಂಡ ಹೊಟ್ಟೇಲಿದ್ದಾಗ ನಾನೂ ಹೀಗೇ ಹಸಿದು ಕೂತಿದ್ದೆ. ಯಾಕೆ ಅಂತ ಕೇಳ್ಬಹುದು ಅನ್ನೋದೇ ಹೊಳೀಲಿಲ್ಲ ನೋಡು.”

ನಕ್ಕು ದರ್ಭೆಯನ್ನು ಬದಿಗೆ ಸರಿಸಿ, ಎರಡು ತಟ್ಟೆ ತೆಗೆದರು. “ಮುಳುಗಿರೋ ಸೂರ್ಯನಿಗೆ ನಾವ್ಯಾಕೆ ಉಪವಾಸ? ತುಪ್ಪ ಕೊಡು, ನಂಗೂ ಹಸಿವು.”